ಶಾಲೆಗೆ, ಬೇಸಿಗೆ ಶಿಬಿರಕ್ಕೆ ನರ್ಸ್ ಆಗಿ ಸೇರಿದ್ದೀರಾ? ಮಕ್ಕಳು ಬರುವ ಮೊದಲೇ ಕೆಲಸ ಶುರು ಮಾಡಿ

ಆಸ್ಪತ್ರೆಯಲ್ಲಿ ಒಂದು ಅನುಮಾನ ಬಂದರೆ ಕೇಳಲು ಡಾಕ್ಟರ್ ಇರುತ್ತಾರೆ, ಹಿರಿಯ ಸಿಸ್ಟರ್ ಇರುತ್ತಾರೆ. ಶಾಲೆಯಲ್ಲಿ, ಶಿಬಿರದಲ್ಲಿ ಹಾಗಲ್ಲ. ಮಗು ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಾಗ ಅದನ್ನು ಕ್ಲಾಸಿಗೆ ವಾಪಸ್ ಕಳಿಸಬೇಕೋ, ಮನೆಗೋ, ಆಸ್ಪತ್ರೆಗೋ ಎಂದು ನೀವೊಬ್ಬರೇ ತೀರ್ಮಾನಿಸಬೇಕು. ಈ ಕೆಲಸಕ್ಕೆ ಹೊಸದಾಗಿ ಬಂದವರನ್ನು ಹೆದರಿಸುವುದು ಗಾಯ, ರಕ್ತ ಅಲ್ಲ. ಈ ಒಂಟಿತನ. ಅದಕ್ಕೆ ಮದ್ದು ಮುಂಚಿನ ತಯಾರಿ.

ಮೊದಲು ಕಾಗದಪತ್ರ

ಕೆಲಸ ಒಪ್ಪಿಕೊಳ್ಳುವಾಗಲೇ ಎರಡು ಮಾತು ಕೇಳಿ. ನನ್ನ ಮೇಲೆ ಯಾವ ಡಾಕ್ಟರ್ ಇದ್ದಾರೆ, ಅವರ ಲಿಖಿತ ಸೂಚನೆಗಳು ಎಲ್ಲಿವೆ? ನಾನು ರಜೆ ಹಾಕಿದ ದಿನ ಔಷಧಿ ಕೊಡುವವರು ಯಾರು? ಎರಡಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಸಹಿ ಹಾಕಲು ಅವಸರ ಬೇಡ. ನಿಮ್ಮ ನರ್ಸಿಂಗ್ ನೋಂದಣಿ ಆ ಜಾಗದಲ್ಲಿ ನಡೆಯುತ್ತದೆಯೇ ಎಂದೂ ನೋಡಿಕೊಳ್ಳಿ. ಶಿಬಿರ ಬೇರೆ ರಾಜ್ಯದಲ್ಲೋ ದೇಶದಲ್ಲೋ ಇದ್ದರೆ ಇದು ಜಾಸ್ತಿ ಮುಖ್ಯ.

ಆಮೇಲೆ ಮಕ್ಕಳ ಆರೋಗ್ಯದ ಫಾರಂಗಳು. ಎಲ್ಲವನ್ನೂ ಓದಿ, ನಾಲ್ಕು ಗುಂಪನ್ನು ಬೇರೆ ಎತ್ತಿಡಿ: ಅಲರ್ಜಿ, ಆಸ್ತಮಾ, ಸಕ್ಕರೆ ಕಾಯಿಲೆ, ಫಿಟ್ಸ್. ನಿಮಿಷಗಳ ಲೆಕ್ಕದಲ್ಲಿ ಓಡಬೇಕಾಗುವುದು ಹೆಚ್ಚಾಗಿ ಈ ಮಕ್ಕಳಿಗಾಗಿಯೇ. ಆ ಮನೆಗಳಿಗೆ ಮೊದಲೇ ಫೋನ್ ಮಾಡಿ. 'ಶೇಂಗಾ ಅಲರ್ಜಿ' ಎಂದು ಬರೆದಿರುತ್ತಾರೆ, ಹಿಂದೆ ಏನಾಗಿತ್ತು ಎಂದು ಬರೆದಿರುವುದಿಲ್ಲ. ಬರೀ ತುರಿಕೆ ಬಂದಿತ್ತೋ, ಉಸಿರು ಕಟ್ಟಿತ್ತೋ, ಅದು ನಿಮಗೆ ಗೊತ್ತಿರಬೇಕು.

ಔಷಧಿ ಪೆಟ್ಟಿಗೆ

ಡಬ್ಬಿಯಲ್ಲಿ ಸುತ್ತಿ ಕಳಿಸಿದ ಬಿಡಿ ಮಾತ್ರೆಗಳನ್ನು ತೆಗೆದುಕೊಳ್ಳಬೇಡಿ. ಮೂಲ ಪ್ಯಾಕಿನಲ್ಲೇ, ಮಗುವಿನ ಹೆಸರು, ಡೋಸ್ ಬರೆದಿರಬೇಕು. ಕೊಡಲು ಬಂದವರ ಎದುರಿಗೇ ಎಣಿಸಿ ಬರೆದುಕೊಳ್ಳಿ. ಪೋಷಕರ ಒಪ್ಪಿಗೆ, ಡಾಕ್ಟರ್ ಸೂಚನೆ ಎರಡೂ ಬರಹದಲ್ಲಿ ಇಲ್ಲದಿದ್ದರೆ ಪ್ಯಾರಸಿಟಮಾಲ್ ಕೂಡ ಬೇಡ. ಕೊಡುವ ಮುಂಚೆ ಸರಿಯಾದ ಮಗು, ಔಷಧಿ, ಡೋಸ್, ಕೊಡುವ ದಾರಿ (ಬಾಯಿಗೋ, ಚುಚ್ಚಿಯೋ), ಹೊತ್ತು ಎಂದು ಐದನ್ನೂ ನೋಡಿ. ಒಂದೇ ಹೆಸರಿನ ಇಬ್ಬರು ಮಕ್ಕಳು ಇದ್ದೇ ಇರುತ್ತಾರೆ. ಹಾಗಾಗಿ ಹೆಸರಿನ ಜೊತೆ ಫೋಟೊ, ಹುಟ್ಟಿದ ದಿನವೂ ಇರಲಿ.

ಸೀಲ್ ಒಡೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಹೆಪ್ಪುಗಟ್ಟಿದರೆ ಬಿಸಾಡಿ. ಉಳಿದದ್ದಕ್ಕೆ ಬೀಗ ಹಾಕಿ. ಆದರೆ ತೀವ್ರ ಅಲರ್ಜಿಗೆ ಚುಚ್ಚುವ ಅಡ್ರಿನಲಿನ್ ಪೆನ್ನು, ಆಸ್ತಮಾ ಇನ್‌ಹೇಲರ್ ಬೀಗದೊಳಗೆ ಇರಕೂಡದು. ಬೀಗದ ಕೈ ನಿಮ್ಮ ಜೇಬಿನಲ್ಲಿ, ನೀವು ಊಟಕ್ಕೆ, ಮಗು ಆಟದ ಮೈದಾನದಲ್ಲಿ. ಆಗ ಏನು ಗತಿ?

ತುರ್ತಿಗೆ ತಾಲೀಮು

ಇದರಲ್ಲಿ ಕಂಜೂಸಿ ಬೇಡ. ಅವಘಡ ನಿಮ್ಮ ಕೋಣೆಯಲ್ಲಿ ಆಗುವುದು ಅಪರೂಪ. ಆಟದಲ್ಲಿ, ಊಟದ ಹಾಲ್‌ನಲ್ಲಿ, ಚಾರಣದಲ್ಲಿ ಆಗುತ್ತದೆ. ಆದ್ದರಿಂದ ಶಿಕ್ಷಕರಿಗೆ, ಅಡುಗೆಯವರಿಗೆ, ಶಿಬಿರದ ಅಣ್ಣ ಅಕ್ಕಂದಿರಿಗೆ ಮೊದಲ ವಾರವೇ ಹೇಳಿಕೊಡಿ, ಕೈಯಾರೆ ಮಾಡಿಸಿ. ಆಂಬುಲೆನ್ಸಿಗೆ ಫೋನ್ ಮಾಡುವವರು ಯಾರು, ಗೇಟಿನಲ್ಲಿ ನಿಂತು ದಾರಿ ತೋರಿಸುವವರು ಯಾರು, ಉಳಿದ ಮಕ್ಕಳನ್ನು ಆಚೆ ಕರೆದೊಯ್ಯುವವರು ಯಾರು ಎಂದು ಹೆಸರು ಹಿಡಿದು ಹಂಚಿ.

ತೀವ್ರ ಅಲರ್ಜಿಯಲ್ಲಿ ಜನ ಎಡವುವುದು ಒಂದೇ ಕಡೆ. ಅಲರ್ಜಿ ಮಾತ್ರೆ ಕೊಟ್ಟು 'ನೋಡೋಣ' ಎಂದು ಕಾಯುತ್ತಾರೆ. ಉಸಿರು ಕಟ್ಟುತ್ತಿದ್ದರೆ, ನಾಲಿಗೆ ಊದುತ್ತಿದ್ದರೆ, ತಲೆ ಸುತ್ತಿ ಬೀಳುತ್ತಿದ್ದರೆ ಮಾತ್ರೆಯಿಂದ ಅದು ನಿಲ್ಲುವುದಿಲ್ಲ. ತೊಡೆಯ ಹೊರಬದಿಯ ನಡುವೆ ಅಡ್ರಿನಲಿನ್ ಚುಚ್ಚಬೇಕು. ಬಟ್ಟೆಯ ಮೇಲಿಂದಲೇ ಆದರೂ ಸರಿ. ಕೂಡಲೇ ಆಂಬುಲೆನ್ಸ್ ಕರೆಸಿ. 5 ನಿಮಿಷ ಕಳೆದರೂ ಹಿಡಿತಕ್ಕೆ ಬರದಿದ್ದರೆ ಎರಡನೇ ಡೋಸ್ ಕೊಡಿ. ಮಗುವನ್ನು ಮಲಗಿಸಿ, ಉಸಿರಿಗೆ ಕಷ್ಟವಾದರೆ ಕಾಲು ಚಾಚಿ ಕೂರಿಸಿ. ಚೇತರಿಸಿಕೊಂಡಂತೆ ಕಂಡರೂ ಎಬ್ಬಿಸಿ ನಡೆಸಬೇಡಿ.

ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ. ಬಾಯಿಗೆ ಏನೂ ಇಡಬೇಡಿ, ಅದುಮಿ ಹಿಡಿಯಬೇಡಿ. 5 ನಿಮಿಷ ದಾಟಿದರೆ ಆಂಬುಲೆನ್ಸ್. ಸಕ್ಕರೆ ಕಾಯಿಲೆಯ ಮಗುವಿನ ರಕ್ತದ ಸಕ್ಕರೆ 70 mg/dLಗಿಂತ ಕೆಳಗಿಳಿದು, ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ, ಬೇಗ ರಕ್ತಕ್ಕೆ ಸೇರುವ ಸಿಹಿ ಕೊಡಿ. ಸಾಮಾನ್ಯವಾಗಿ 15 ಗ್ರಾಂ, ಚಿಕ್ಕ ಮಕ್ಕಳಿಗೆ ಕಡಿಮೆ. 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಶಾಶ್ವತ ಹಲ್ಲು ಬೇರುಸಹಿತ ಬಿದ್ದರೆ ಬೇರು ಮುಟ್ಟಬೇಡಿ. ಅಲ್ಲೇ ವಾಪಸ್ ಕೂರಿಸಲು ಆಗದಿದ್ದರೆ ಹಾಲಿನಲ್ಲಿ ಹಾಕಿ ದಂತವೈದ್ಯರ ಬಳಿ ಓಡಿ.

ದಿನನಿತ್ಯದ ಹೊಟ್ಟೆನೋವು

1902ರಲ್ಲಿ ನ್ಯೂಯಾರ್ಕಿನ ಶಾಲೆಗಳಲ್ಲಿ ಕಣ್ಣಿನ ಸೋಂಕು, ಚರ್ಮದ ಸೋಂಕು ಕಂಡ ಮಕ್ಕಳನ್ನೆಲ್ಲ ಮನೆಗೆ ಅಟ್ಟುತ್ತಿದ್ದರು. ಮನೆಯಲ್ಲಿ ನೋಡುವವರಿಲ್ಲದೆ ಮಕ್ಕಳು ಅಲ್ಲೇ ಉಳಿಯುತ್ತಿದ್ದರು. ಲೀನಾ ರೋಜರ್ಸ್ ಎಂಬ ನರ್ಸ್ ಶಾಲೆಗಳಿಗೆ ಹೋಗಿ ಚಿಕಿತ್ಸೆ ಕೊಡಲು ಶುರು ಮಾಡಿದ ಮೇಲೆ ಗೈರುಹಾಜರಿ ಭಾರೀ ಇಳಿಯಿತು. ಮಗುವನ್ನು ಕ್ಲಾಸಿನಲ್ಲಿ ಉಳಿಸುವುದೇ ಈ ಕೆಲಸದ ಬೇರು.

ಹೇನು ಕಂಡ ಮಾತ್ರಕ್ಕೆ ಮನೆಗೆ ಓಡಿಸಬೇಕಿಲ್ಲ, ಎಲ್ಲರೆದುರು ಹೇಳಿ ಮಾನ ಕಳೆಯುವುದಂತೂ ಬೇಡವೇ ಬೇಡ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ವಾಂತಿ ಭೇದಿ ಇದ್ದರೆ ಕಳಿಸಿ. ಗಣಿತದ ಪೀರಿಯಡ್‌ಗೆ ಸರಿಯಾಗಿ ಬರುವ ಹೊಟ್ಟೆನೋವನ್ನು ನಾಟಕ ಅನ್ನಬೇಡಿ. ಆತಂಕಕ್ಕೂ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಪುಸ್ತಕದಲ್ಲಿ ದಿನ, ಹೊತ್ತು ಬರೆಯುತ್ತಾ ಹೋಗಿ. ಯಾವಾಗ, ಯಾಕೆ ಬರುತ್ತದೆ ಎಂಬುದು ತಾನಾಗೇ ಕಾಣುತ್ತದೆ.

ಶಿಬಿರದಲ್ಲಿ ಇದೇ ನೋವು ರಾತ್ರಿ ಬರುತ್ತದೆ, ಮನೆ ನೆನಪಾಗಿ. ಮಗುವಿನ ಮಾತು ಕೇಳಿ, ಆದರೆ 'ಅಳಬೇಡ, ನಾಳೆ ಅಮ್ಮನನ್ನು ಕರೆಸ್ತೀನಿ' ಎಂಬ ಭರವಸೆ ಕೊಡಬೇಡಿ. ಬೆಳಗಾದರೆ ಮಗು ಗೇಟು ನೋಡುತ್ತಾ ಕೂರುತ್ತದೆ, ಆಟಕ್ಕೆ ಸೇರುವುದೇ ಇಲ್ಲ. ಬೆಳಗ್ಗೆ ಒಂದು ಸಣ್ಣ ಕೆಲಸ ವಹಿಸಿ, ಒಬ್ಬ ಜೊತೆಗಾರನನ್ನು ಕೊಡಿ. ಹಾಗೆಯೇ, ಹೊಟ್ಟೆಯ ಬಲ ಕೆಳಭಾಗ ಮುಟ್ಟಿ ನೋಡುವುದನ್ನು ಮರೆಯಬೇಡಿ. ಮನೆ ನೆನಪಾದ ಮಗುವಿಗೂ ಅಪೆಂಡಿಸೈಟಿಸ್ ಬರಬಹುದು, ಅಲ್ವಾ?

ಮನೆಗೆ ಫೋನ್

'ನಾನು ಶಾಲೆಯ ನರ್ಸ್' ಎಂದ ಕೂಡಲೇ ಆ ಕಡೆ ಎದೆ ಧಸಕ್ಕೆನ್ನುತ್ತದೆ. ಮಗು ಚೆನ್ನಾಗಿದ್ದರೆ ಅದನ್ನೇ ಮೊದಲು ಹೇಳಿ, ವಿವರ ಆಮೇಲೆ. ತಲೆಗೆ ಪೆಟ್ಟಾಗಿದ್ದರೆ ಸಣ್ಣದಿದ್ದರೂ ಅವತ್ತೇ ತಿಳಿಸಿ. ವಾಂತಿ, ವಿಪರೀತ ಮಂಪರು, ಹೆಚ್ಚುತ್ತಾ ಹೋಗುವ ತಲೆನೋವು ಕಂಡರೆ ನೇರ ಆಸ್ಪತ್ರೆಗೆ ಹೋಗಬೇಕು ಎಂದು ಬರೆದ ಚೀಟಿಯನ್ನೂ ಮಗುವಿನ ಕೈಯಲ್ಲಿ ಕಳಿಸಿ. ಫೋನ್ ಮಾಡಿದ ಹೊತ್ತು, ಮಾತಾಡಿದವರ ಹೆಸರನ್ನು ಅಲ್ಲೇ ದಾಖಲೆ ಪುಸ್ತಕಕ್ಕೆ ಇಳಿಸಿಬಿಡಿ.