ಮಕ್ಕಳಿಗೆ ಬೇರೆ ಬೇರೆ ಪಾಸ್‌ಪೋರ್ಟ್ ಮಾಡಿಸಿದ ಅನುಭವ

ಮಗಳ ಹೆಸರು ನನ್ನ ಹಳೆಯ ಪಾಸ್‌ಪೋರ್ಟ್‌ನಲ್ಲೇ ಇತ್ತು. ಮಗನದ್ದೂ ಸೇರಿಸಿದರೆ ಸಾಕು ಅಂದುಕೊಂಡಿದ್ದೆ. ವಲಸೆ ವೀಸಾಕ್ಕೆ ಹೊರಟಾಗಲೇ ಗೊತ್ತಾಗಿದ್ದು, ಒಬ್ಬರಿಗೆ ಒಂದು ಪಾಸ್‌ಪೋರ್ಟ್, ಎಳೆಗೂಸಿಗೂ ಅಷ್ಟೇ. ಅಂತರರಾಷ್ಟ್ರೀಯ ವಿಮಾನಯಾನ ನಿಯಮವೇ ಹಾಗಿದೆ.

ಮಗಳ ಅರ್ಜಿ ವಾಪಸ್ ಬಂತು. ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರಿನ ಒಂದಕ್ಷರ ಬೇರೆ ಇತ್ತು. ಮೊದಲು ಅದನ್ನು ತಿದ್ದಿಸಿ, ಅಪ್ಪ-ಅಮ್ಮ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಸೇರಿಸಿ ಮತ್ತೆ ಕೊಟ್ಟೆವು. ಈ ಸಲ ಆಯಿತು.

ಮಗನ ಫೋಟೋದ್ದೇ ಜಾಸ್ತಿ ಕಷ್ಟ. ಹಿಡಿದುಕೊಂಡರೆ ನನ್ನ ಕೈ ಕಾಣುತ್ತಿತ್ತು, ಅದು ನಡೆಯಲ್ಲ. ಕೊನೆಗೆ ಕಿಟಕಿ ಹತ್ತಿರ ಬಿಳಿ ಬೆಡ್‌ಶೀಟ್ ಹಾಸಿ ಮಲಗಿಸಿ, ಮೇಲಿನಿಂದ ತೆಗೆದೆ. ಕಣ್ಣು ತೆರೆದು, ಬಾಯಿ ಮುಚ್ಚಿದ್ದು 11ನೇ ಫೋಟೋದಲ್ಲಿ!

ವೀಸಾ ಅರ್ಜಿಯಲ್ಲಿ ಮಕ್ಕಳ ಪಾಸ್‌ಪೋರ್ಟ್ ನಂಬರ್ ಕೇಳುತ್ತಾರೆ, ಹಾಗಾಗಿ ಇದನ್ನೇ ಮೊದಲು ಮುಗಿಸಿಕೊಳ್ಳಿ.