ಎರಡನೇ ಭಾಗ ಯಾರೂ ಓದಲ್ಲ ಅಂದಿದ್ದರು

"ಮೊದಲ ಭಾಗ ಓದದವರು ಎರಡನೇದು ಕೊಳ್ಳಲ್ಲ, ಓದಿದವರು ಕಥೆ ಮರೆತಿರ್ತಾರೆ" ಅಂತ ನನ್ನ ವೈಜ್ಞಾನಿಕ ಕಾದಂಬರಿಯ ಎರಡನೇ ಭಾಗದ ವಿಷಯದಲ್ಲಿ ಪ್ರಕಾಶಕರೊಬ್ಬರು ಕೈ ತೊಳೆದುಕೊಂಡರು. ಮಾತು ಸುಳ್ಳೇನಲ್ಲ. ಮೊದಲ ಭಾಗದ 500 ಪ್ರತಿಗಳಲ್ಲಿ 180ರಷ್ಟು ನಮ್ಮನೆ ಅಟ್ಟದ ಮೇಲೇ ಇದ್ದವು.

ಆದರೂ ಬರೆದೆ. ಮೂರು ಸಲ ಬರೆದೆ ಅನ್ನಿ. ಮೊದಲ ಕರಡಿನಲ್ಲಿ ಹಿಂದಿನ ಕಥೆ ಹೇಳುವುದಕ್ಕೇ 30 ಪುಟ ಹೋಯಿತು. ಎರಡನೆಯದರಲ್ಲಿ ಶನಿಗ್ರಹದ ಚಂದ್ರ ಎನ್ಸೆಲಡಸ್‌ನ ಜೀವಿ ಬಾಯಿಬಿಟ್ಟು ಮಾತಾಡಿತು. ಓದಿದ ಗೆಳೆಯ, "ಇದೇನೋ, ನಮ್ಮೂರ ಪಟೇಲರ ಥರ ಮಾತಾಡ್ತದೆ" ಅಂದ. ಆರು ತಿಂಗಳ ಕೆಲಸ ನೀರಲ್ಲಿ ಹೋಮ.

ಶನಿಯ ಹತ್ತಿರದಿಂದ ರೇಡಿಯೋ ಸಂಕೇತ ಇಲ್ಲಿಗೆ ಬರಲು ಹೆಚ್ಚುಕಡಿಮೆ 80 ನಿಮಿಷ ಬೇಕು. ಕೇಳಿದ್ದಕ್ಕೆ ಉತ್ತರ ಬರುವಷ್ಟರಲ್ಲಿ ಎರಡೂವರೆ ಗಂಟೆ ದಾಟಿರುತ್ತದೆ. ಇಂಥ ಕಥೆ ಬರೆಯುವ ನಾವೆಲ್ಲ ಅದನ್ನು ಒಂದು ಸಾಲಲ್ಲಿ ಹೇಳಿ ಮುಂದೆ ಹೋಗುತ್ತೇವೆ, ಅಲ್ವಾ? ಮೂರನೇ ಸಲ ಇಡೀ ಕಾದಂಬರಿಯನ್ನೇ ಅದರ ಮೇಲೆ ಕಟ್ಟಿದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ, ದೂರದ ನೌಕೆಗಳ ಜೊತೆ ಮಾತಾಡುವ ಇಸ್ರೋದ 32 ಮೀಟರ್ ಆಂಟೆನಾ ಕಾಯುವವಳು ಒಂದು ಅಧ್ಯಾಯದಲ್ಲಿ ಪ್ರಶ್ನೆ ಕೇಳುತ್ತಾಳೆ. ಉತ್ತರ ಬರುವುದು ಎರಡು ಅಧ್ಯಾಯ ಕಳೆದ ಮೇಲೆ. ನಡುವೆ ಅವಳ ಬುತ್ತಿ, ಮನೆಯ ಜಗಳ, ತೂಕಡಿಕೆ. ಹಳೇ ಕಥೆಯೂ ಆ ಬಿಡುವಿನಲ್ಲೇ ನುಸುಳಿತು. ಜೀವಿ ಕೊನೇವರೆಗೂ ಕಾಣುವುದಿಲ್ಲ, ಚಿಮ್ಮುವ ನೀರಿನಲ್ಲಿ ಅದರ ಗುರುತಷ್ಟೇ. ಮೊದಲ ಪುಟದಲ್ಲಿ ಹೊಸ ಓದುಗರನ್ನು ಹಿಡಿದು ಕೂರಿಸಿದ್ದು ಹೇಗೆ ಅಂತ ಮಾತ್ರ ಹೇಳುವುದಿಲ್ಲ. ಮೂರನೇ ಭಾಗಕ್ಕೆ ಬೇಕು.

ಈ ಮಧ್ಯೆ ಒಂದು ಹುಚ್ಚಾಟ. 2005ರಲ್ಲಿ ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ನೌಕೆ ಎನ್ಸೆಲಡಸ್‌ನಲ್ಲಿ ಕಂಡ ಚಿಲುಮೆಗಳು ಮಂಜುಗಡ್ಡೆಯಡಿಯ ಉಪ್ಪುನೀರಿನಿಂದ ಬರುವಂಥವು. ಅದು ಹೇಗಿರಬಹುದು ಅಂತ ಸುಮ್ನೆ ಉಪ್ಪುನೀರು ತುಂಬಿದ ಸ್ಟೀಲ್ ಡಬ್ಬಿ ಫ್ರೀಜರಿನಲ್ಲಿಟ್ಟೆ. ಮುಚ್ಚಳ ಎದ್ದು ಬಂತು, ಹೆಂಡತಿ ಮೂರು ದಿನ ಮಾತು ಬಿಟ್ಟಳು. ಆದರೆ ಮಂಜುಗಡ್ಡೆ ಅಷ್ಟೇನೂ ಉಪ್ಪಿಲ್ಲ, ಅಡಿಯಲ್ಲಿ ಉಳಿದ ನೀರು ಬಾಯಿಗಿಡುವ ಹಾಗಿಲ್ಲ! ಆ ರುಚಿಯೇ 14ನೇ ಅಧ್ಯಾಯವಾಯಿತು.

ದುಡ್ಡಿನ ವಿಷಯ. 240 ಪುಟ, 400 ಪ್ರತಿ, ಡಿಟಿಪಿ, ಮುಖಪುಟ ಸೇರಿ 50 ಸಾವಿರದ ಆಸುಪಾಸು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಅಕ್ಷರಗಳಿಂದ ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತುಗಳೆಲ್ಲ ಚೆಲ್ಲಾಪಿಲ್ಲಿ. ಪ್ರೂಫ್ ಮತ್ತೆ ನೋಡಿಸಲು ನಾಲ್ಕು ಸಾವಿರ ಜಾಸ್ತಿ ಹೋಯಿತು. ಅಂಗಡಿಗೆ ಶೇ. 40 ಬಿಟ್ಟರೆ ಕೈಗೇನೂ ಉಳಿಯುವುದಿಲ್ಲ. ಹಾಗಾಗಿ ವಾಟ್ಸಾಪ್‌ನಲ್ಲೇ ಆರ್ಡರ್ ತೆಗೆದುಕೊಂಡು ನಾನೇ ಅಂಚೆಗೆ ಹಾಕಿದೆ. ಎಂಟು ತಿಂಗಳಿಗೆ 400 ಪ್ರತಿಯೂ ಖಾಲಿ. ಎರಡನೇದು ಓದಿದವರು ಮೊದಲನೆಯದನ್ನೂ ಕೇಳತೊಡಗಿದರು. ಅಟ್ಟದಲ್ಲಿ ಈಗ 35 ಇರಬಹುದು. ಅದರಲ್ಲೂ ಏಳೆಂಟನ್ನು ಗೆದ್ದಲು ತಿಂದಿದೆ.