‘ದ್ವಿರೊ ದೊರಾ’ ಅಂದರೆ ಹಿಂದಕ್ಕೆ ತಿರುಗು: ಟೇಕ್ವಾಂಡೊ ಕ್ಲಾಸಿನ ಕೊರಿಯನ್, ನನ್ನ ಅನುಭವ

ಕೆಲವು ವರ್ಷದ ಹಿಂದಿನ ಮಾತು. ಒಂದು ಟೇಕ್ವಾಂಡೊ ಸ್ಪರ್ಧೆ. ನನ್ನ ಹತ್ತಿರ ಕಲಿಯುತ್ತಿದ್ದ ಏಳನೇ ಕ್ಲಾಸಿನ ಹುಡುಗಿ ಚೆನ್ನಾಗಿ ಆಡುತ್ತಿದ್ದಳು. ಇಬ್ಬರೂ ಅಂಟಿಕೊಂಡಾಗ ರೆಫ್ರಿ ಮಧ್ಯೆ ಕೈ ಚಾಚಿ ‘ಕಲ್ಯ’ ಅಂದರು. ಬೇರೆಯಾಗಿ ಅಂತ ಅರ್ಥ. ಎದುರಾಳಿ ನಿಂತಳು. ನಮ್ಮ ಹುಡುಗಿ ಒದ್ದಳು. ‘ಕಲ್ಯ’ ಆದ ಮೇಲೆ ಒದ್ದರೆ ‘ಗಮ್‌ಜಮ್’, ಅಂದರೆ ಎದುರಾಳಿಗೆ ಒಂದು ಪಾಯಿಂಟು. ಆ ಒಂದು ಪಾಯಿಂಟಿನಲ್ಲೇ ಸೋತಳು. ಹೊರಗೆ ಬಂದು ಅಳುತ್ತಾ, ‘ಸರ್, ಅವರು ಸ್ಟಾಪ್ ಅಂದೇ ಇಲ್ಲ’ ಅಂದಳು.

ನಿಜ. ನನ್ನ ಕ್ಲಾಸಿನಲ್ಲಿ ಅವಳು ಕೇಳಿದ್ದು ‘ಸ್ಟಾಪ್’ ಒಂದೇ. ತಪ್ಪು ನನ್ನದು.

ಕೊರಿಯನ್ ಪದಗಳನ್ನು ನಾನು ಬಿಟ್ಟದ್ದಕ್ಕೆ ಒಂದು ಕಾರಣ ಇತ್ತು. ನಾನು ಕಲಿತ ಕಾಲದಲ್ಲಿ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಬೆಲ್ಟ್ ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಬಾಯಿಪಾಠ ಮಾಡುವುದು, ಮಾರನೇ ದಿನ ಮರೆಯುವುದು. ಅರ್ಥ ಯಾರೂ ಹೇಳಿರಲಿಲ್ಲ. ಈ ಮಕ್ಕಳಿಗೂ ಆ ಹೊರೆ ಯಾಕೆ ಅಂತ ಇಂಗ್ಲಿಷಿಗೆ ಬಂದಿದ್ದೆ. ಆದರೆ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಈ ಆಟ ಪದಕದ ಆಟವಾಯಿತು. ಇವತ್ತಿಗೂ ರೆಫ್ರಿ ಎಲ್ಲೇ ನಿಂತರೂ ‘ಜುನ್ಬಿ’ (ಸಿದ್ಧರಾಗಿ), ‘ಶಿಜಾಕ್’ (ಶುರು ಮಾಡಿ) ಅಂತಲೇ ಶುರು ಮಾಡಿಸುವುದು. ಮ್ಯಾಟಿನ ಮೇಲೆ ನಿಲ್ಲುವ ಮಗುವಿಗೆ ಆ ಪದ ಕಿವಿಗೆ ಬಿದ್ದ ಕೂಡಲೇ ಕಾಲು ಕೇಳಬೇಕು.

ಆ ಸ್ಪರ್ಧೆಯ ನಂತರ ನಾನೇ ಕೂತು ಹಂಗುಲ್ ಕಲಿತೆ. 1446ರಲ್ಲಿ ಕೊರಿಯಾದ ಸೇಜಾಂಗ್ ರಾಜ ಪ್ರಜೆಗಳಿಗೆ ಕೊಟ್ಟ ಲಿಪಿ ಅದು. ಈಗ ಬಳಸುವ ಮೂಲ ಅಕ್ಷರ 24 ಅಷ್ಟೇ. ವ್ಯಂಜನ, ಸ್ವರ ಸೇರಿಸಿ ಒಂದು ಚೌಕದಲ್ಲಿ ಬರೆಯುತ್ತಾರೆ, ಕೊನೆಯ ವ್ಯಂಜನವನ್ನು ಕೆಳಗೆ ಇಡುತ್ತಾರೆ. ಒತ್ತಕ್ಷರ ಬರೆದು ಬೆಳೆದ ಕೈಗೆ ಇದು ಕಷ್ಟವೇ ಅಲ್ಲ.

ಲಿಪಿ ಬಂದ ಮೇಲೆ ಪದಗಳನ್ನು ಒಡೆದು ನೋಡಲು ಶುರು ಮಾಡಿದೆ. ಮೊದಲು ಸಿಕ್ಕಿದ್ದು ‘ದ್ವಿರೊ ದೊರಾ’. ‘ದ್ವಿ’ ಅಂದರೆ ಹಿಂದೆ. ‘ರೊ’ ಅಂದರೆ ನಮ್ಮ ‘-ಕ್ಕೆ’. ‘ದೊರಾ’ ಅಂದರೆ ತಿರುಗು. ಹಿಂದ-ಕ್ಕೆ ತಿರುಗು! ಒಂದು ಪದವೂ ಜಾಗ ಬದಲಿಸಬೇಕಾಗಿಲ್ಲ. ನನಗೆ ಆದ ಖುಷಿ ಹೇಳತೀರದು. ಕನ್ನಡದ ಹಾಗೆ ಕೊರಿಯನ್ನಿನಲ್ಲೂ ಕ್ರಿಯಾಪದ ಕೊನೆಗೆ, ಪ್ರತ್ಯಯ ಪದದ ಬೆನ್ನಿಗೆ. ಅದನ್ನು ಇಂಗ್ಲಿಷಿನ ಮೂಲಕ ಕಲಿಸಿದರೆ ಸುಮ್ನೆ ಸುತ್ತು ಹಾಕಿದ ಹಾಗೆ, ಅಲ್ವಾ?

ಒದೆತಗಳ ಹೆಸರೂ ಹಾಗೆಯೇ ಬಿಚ್ಚಿಕೊಂಡವು. ‘ಛಾಗಿ’ ಅಂದರೆ ಒದೆತ. ‘ಆಪ್’ ಮುಂದೆ, ‘ಯಪ್’ ಪಕ್ಕ. ‘ದೊಲ್ಯ ಛಾಗಿ’ ಅಂದರೆ ತಿರುಗಿಸಿ ಒದೆತ. ‘ನೆರ್ಯ ಛಾಗಿ’ ಅಂದರೆ ಇಳಿಸಿ ಒದೆತ. ಈ ‘ನೆರ್ಯ’ ನನ್ನ ಪಾಠವನ್ನೇ ಬದಲಿಸಿತು. ನಾವು ಅದನ್ನು ‘ಆಕ್ಸ್ ಕಿಕ್’ ಅನ್ನುತ್ತಿದ್ದೆವು. ಮಕ್ಕಳು ಕಾಲನ್ನು ಎಷ್ಟು ಮೇಲೆ ಎತ್ತಬಹುದು ಅನ್ನುವುದರಲ್ಲೇ ಪೈಪೋಟಿ ಮಾಡುತ್ತಿದ್ದರು. ಮೇಲೆ ಹೋದ ಕಾಲು ತಾನಾಗೇ ಬಿದ್ದುಬಿಡುತ್ತಿತ್ತು. ಒಂದು ಸಂಜೆ ಬೋರ್ಡಿನ ಮೇಲೆ ‘ನೆರ್ಯ = ಇಳಿಸಿ’ ಅಂತ ಬರೆದೆ. ‘ಎತ್ತಿ ಅಂತ ಹೆಸರಿಟ್ಟಿಲ್ಲ, ಇಳಿಸಿ ಅಂತ ಇಟ್ಟಿದ್ದಾರೆ. ಹಾಗಾದರೆ ಜೋರು ಎಲ್ಲಿರಬೇಕು?’ ಅಂತ ಕೇಳಿದೆ. ಒಬ್ಬ ಹುಡುಗ ಏನೂ ಹೇಳದೆ ಎದ್ದು ಬಂದ. ಕಾಲು ಎತ್ತಿ, ಹಿಮ್ಮಡಿಯನ್ನು ಪ್ಯಾಡಿನ ಮೇಲೆ ಎಳೆದು ಬಾರಿಸಿದ. ಪ್ಯಾಡ್ ಹಿಡಿದಿದ್ದ ನನ್ನ ಕೈ ಕೆಳಗೆ ಹೋಯಿತು.

ಉಚ್ಚಾರ ಹೇಳಿಕೊಡಲು ಶಾಲೆಯ ವ್ಯಾಕರಣ ನೆರವಿಗೆ ಬಂತು. ಕೊರಿಯನ್ನಿನಲ್ಲಿ ಪದದ ಮೊದಲಲ್ಲಿ ‘ಕ’ದ ಹಾಗೆ ಕೇಳುವ ಅಕ್ಷರ, ಎರಡು ಸ್ವರಗಳ ಮಧ್ಯೆ ಬಂದರೆ ‘ಗ’ ಆಗುತ್ತದೆ. ‘ಛಾಗಿ’ಯಲ್ಲಿ ಇರುವುದು ಅದೇ. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ಅಂದರೆ ಹೈಸ್ಕೂಲಿನ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಧನ್ಯವಾದಕ್ಕೆ ‘ಕಮ್ಸಾಹಮ್ನಿದಾ’ ಅನ್ನುತ್ತಾರೆ, ಬರೆಯುವಾಗ ‘ಹಪ್ನಿದಾ’. ವಾಕ್, ಮಯ ಸೇರಿ ವಾಙ್ಮಯ ಆಗುವುದಿಲ್ಲವೇ?

ಸ್ವರಗಳದ್ದು ಬೇರೆ ಕಥೆ. ರೋಮನ್ ಅಕ್ಷರದಲ್ಲಿ ಬರೆದ ಪಟ್ಟಿ ಓದಿ ಮಕ್ಕಳು ‘ಚಾರ್ಯತ್’ ಅನ್ನುವುದನ್ನು ‘ಚರಿಯೋಟ್’ ಮಾಡಿದ್ದರು. ಸಾವಧಾನ್‌ ಸ್ಥಿತಿಗೆ ಬರುವ ಆಜ್ಞೆ ಅದು. ಅದರ ಸ್ವರ ನಮ್ಮ ‘ಅ’ಗೂ ‘ಒ’ಗೂ ಮಧ್ಯದ್ದು. ಬಾಯಿ ‘ಒ’ ಅನ್ನುವ ಹಾಗೆ ತೆರೆದು, ತುಟಿ ದುಂಡಗೆ ಮಾಡದೆ ಹೇಳಬೇಕು. ಹಾಗಾಗಿ ಈಗ ರೋಮನ್ ಪಟ್ಟಿ ತೆಗೆದು ಕನ್ನಡದಲ್ಲೇ ಬರೆಯುತ್ತೇನೆ. ಪೂರ್ತಿ ಸರಿ ಬರುವುದಿಲ್ಲ, ಆದರೆ ತುಂಬಾ ಹತ್ತಿರ ಬರುತ್ತದೆ. ‘ಗ್‌ಮಾನ್’ ಅಂದರೆ ಸಾಕು, ನಿಲ್ಲಿಸು. ಅದರ ಮೊದಲ ಸ್ವರ, ತುಟಿ ಅಗಲಿಸಿ ಹೇಳುವ ‘ಉ’, ಇನ್ನೂ ಕಷ್ಟ. ನಾನು ಕಲಿಸುವುದು ಉಡುಪಿಯಲ್ಲಿ. ಮನೆಯಲ್ಲಿ ತುಳು ಮಾತಾಡುವ ಮಕ್ಕಳಿಗೆ ಅದು ಸಲೀಸು. ತುಳುವಿನ ‘ಇಲ್ಲ್’ ಪದದ ಕೊನೆಯಲ್ಲಿ ಎಳೆಯುವ ಆ ಸಣ್ಣ ದನಿ ಇದೆಯಲ್ಲ, ಬಹುಮಟ್ಟಿಗೆ ಅದೇ. ಈಗ ಕ್ಲಾಸಿನಲ್ಲಿ ಅದನ್ನು ಉಳಿದವರಿಗೆ ಹೇಳಿಕೊಡುವವರು ಆ ಮಕ್ಕಳೇ.

ವಾರಕ್ಕೆ ಮೂರೇ ಪದ. ಜಾಸ್ತಿ ಕೊಟ್ಟರೆ ಉಳಿಯುವುದಿಲ್ಲ. ಆಜ್ಞೆ ಕೊರಿಯನ್ನಿನಲ್ಲಿ, ವಿವರಣೆ ಕನ್ನಡದಲ್ಲಿ. ಮಂಡಿ ನೋವು, ಭಯ, ಸೋಲು, ಇಂಥ ಮಾತು ಬಂದಾಗ ಕೊರಿಯನ್ ಬೇಡವೇ ಬೇಡ. ಹೊಸ ಪದವನ್ನು ನಿಂತು ಹೇಳಿಸುವುದಿಲ್ಲ, ಆ ಚಲನೆ ಮಾಡುತ್ತಲೇ ಹೇಳಿಸುತ್ತೇನೆ. ‘ಕಲ್ಯ’ವನ್ನಂತೂ ಪ್ರತಿ ದಿನದ ಸ್ಪಾರಿಂಗಿನಲ್ಲಿ, ಹೇಳದೆ ಕೇಳದೆ ಮಧ್ಯದಲ್ಲಿ ಕೂಗುತ್ತೇನೆ.

ಒಬ್ಬ ತಂದೆ ಕೇಳಿದ್ದರು: ‘ಒದೆಯುವಾಗ ಹನಾ, ದುಲ್ ಅಂತ ಎಣಿಸ್ತಾರೆ, ಪೂಮ್ಸೆಗೆ ಮಾತ್ರ ಇಲ್ ಜಾಂಗ್, ಇ ಜಾಂಗ್ ಅಂತೀರಿ. ಯಾವುದು ಸರಿ?’ ಪೂಮ್ಸೆ ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ. ಎರಡೂ ಎಣಿಕೆ ಸರಿ. ಹನಾ, ದುಲ್ ಅವರ ಸ್ವಂತ ಎಣಿಕೆ. ಇಲ್, ಇ ಚೀನಾದಿಂದ ಬಂದದ್ದು. ನಾವು ಮಾವಿನಕಾಯಿಯನ್ನು ಒಂದು, ಎರಡು ಅಂತ ಎಣಿಸಿ, ಕಾಲೇಜಿಗೆ ಹೋದರೆ ಪ್ರಥಮ ಪಿಯುಸಿ, ದ್ವಿತೀಯ ಪಿಯುಸಿ ಅನ್ನುತ್ತೇವಲ್ಲ, ಹಾಗೆ.

ಹೋದ ತಿಂಗಳು ಇಪ್ಪತ್ತು ಒದೆತದ ಸೆಟ್ಟಿಗೆ ಎಂಟು ವರ್ಷದ ಒಬ್ಬನನ್ನು ಎಣಿಸಲು ನಿಲ್ಲಿಸಿದೆ. ನಾನು ಕಲಿಸಿದ್ದು ಹತ್ತರವರೆಗೆ, ‘ಯಲ್’ ತನಕ ಮಾತ್ರ. ಅಲ್ಲಿಗೆ ಬಂದು ಮತ್ತೆ ಹನಾದಿಂದ ಶುರು ಮಾಡುತ್ತಾನೆ ಅಂದುಕೊಂಡಿದ್ದೆ. ಅವನು ಉಸಿರೂ ತೆಗೆಯದೆ ‘ಯಲ್‌ಹನಾ’ ಅಂದ. ‘ಯಲ್‌ದುಲ್’ ಅಂದ. ಅದೇ ಸರಿಯಾದ ಹನ್ನೊಂದು, ಅದೇ ಸರಿಯಾದ ಹನ್ನೆರಡು. ಹತ್ತೊಂಬತ್ತಕ್ಕೆ ‘ಯಲ್‌ಅಹೊಪ್’ ಅಂತ ಹೇಳಿ ನಿಂತ. ಸಾಲಿನಲ್ಲಿದ್ದ ಎಲ್ಲರೂ ಮೊಣಕಾಲು ಎತ್ತಿಕೊಂಡೇ ಕಾಯುತ್ತಿದ್ದರು. ಅವನು ನನ್ನ ಕಡೆ ತಿರುಗಿದ.

‘ಸುಮುಲ್’ ಅಂದೆ.

‘ಸುಮುಲ್!’ ಅಂತ ಅವನು ಕೂಗಿದ. ಎಲ್ಲರೂ ಒಟ್ಟಿಗೆ ಒದ್ದರು.